ಹಡಗಿನ ಮುಕಾದಮ

ಅನಂತಪುರದಲ್ಲಿ ಹುಟ್ಟಿದವನು ನೌಕಾದಳದ ಮಾತನ್ನೆತ್ತಿದರೆ ಕೆಲವರಿಗೆ ನಗೆ ಬಂದೀತು. ಅಥಣಿ ತಾಲೂಕಿನ ನಮ್ಮ ಊರಿಗೆ ನೀರೆಂದರೆ ಬಾವಿ, ಬೋರು, ದೂರದ ಕೃಷ್ಣೆ. ಮೊನ್ನೆ ಮೊನ್ನೆಯವರೆಗೆ ನಾನು ಸಮುದ್ರವನ್ನು ನಕಾಶೆಯ ನೀಲಿ ಬಣ್ಣದಲ್ಲಿ ಮಾತ್ರ ಕಂಡಿದ್ದೆ. ಆದರೂ ಇದನ್ನು ಬರೆಯಲು ಕಾರಣವಿದೆ. ನಮ್ಮ ಓಣಿಯ ಗೆಳೆಯನೊಬ್ಬ, ಎಸ್.ಎಸ್.ಎಲ್.ಸಿ.ಯವರೆಗೆ ನನ್ನ ಬೆಂಚಿನಲ್ಲಿಯೇ ಕುಳಿತವನು, ಅಗ್ನಿವೀರನಾಗಿ ನೌಕಾದಳ ಸೇರಿ ಈಗ ನಾಲ್ಕನೆಯ ವರ್ಷ ನಡೆದಿದೆ. ಆತ ರಜೆಯ ಮೇಲೆ ಬಂದಾಗ ಗುಡಿಯ ಕಟ್ಟೆಯ ಮೇಲಿನ ಹಿರಿಯರು ಕೇಳುವ ಪ್ರಶ್ನೆ ಒಂದೇ: "ಏನೋ ತಮ್ಮಾ, ಸಾಹೇಬ ಆದಿ ಏನು?" ಆತ "ಇಲ್ರಿ ಕಾಕಾ, ಅಡಗಿ ಮನ್ಯಾಗ ಅದೀನ್ರಿ" ಎಂದೊಡನೆ ಅವರ ಮುಖ ಇಳಿಯುತ್ತದೆ, ಮಾತು ಮಳೆಯ ಕಡೆಗೆ ಹೊರಳುತ್ತದೆ. ನಿಜ ಹೇಳಬೇಕೆಂದರೆ ನನ್ನ ಮುಖವೂ ಇಳಿದಿತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಹೆಮ್ಮೆಯಲ್ಲಿ ಅವನಿಗಾಗಿ ಕನಿಕರಪಟ್ಟವನೂ ಹೌದು. ಆ ಕನಿಕರ ತಪ್ಪಾಗಿತ್ತೆಂಬುದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ನೌಕಾದಳದಲ್ಲಿ ಏಣಿಗಳು ಎರಡು. ಅಧಿಕಾರಿಗಳು ಕೇರಳದ ಎಳಿಮಲದಲ್ಲಿ 2009ರಲ್ಲಿ ಉದ್ಘಾಟನೆಗೊಂಡ ಅಕಾಡೆಮಿಯಲ್ಲಿ ಕಲಿತು ಸಬ್‌ಲೆಫ್ಟಿನೆಂಟ್ ಹುದ್ದೆಯಿಂದ ಮೇಲೇರುತ್ತಾರೆ. ನಾವಿಕರು ಒಡಿಶಾದ ಚಿಲ್ಕಾದಲ್ಲಿ ಕಲಿತು ಲೀಡಿಂಗ್ ಸೀಮನ್, ಪೆಟಿ ಆಫೀಸರ್, ಚೀಫ್ ಪೆಟಿ ಆಫೀಸರ್, ಕೊನೆಗೆ ಮಾಸ್ಟರ್ ಚೀಫ್ ಪೆಟಿ ಆಫೀಸರ್ ಆಗುತ್ತಾರೆ. ಹೆಸರುಗಳು ಉದ್ದವಾದರೂ ವಿಷಯ ನಮಗೆ ಹೊಸದಲ್ಲ. ಭೂಸೇನೆಯಲ್ಲಿ ನಾಯಬ್ ಸುಭೇದಾರನೆಂದರೆ ಹೇಗೋ ಹಡಗಿನಲ್ಲಿ ಚೀಫ್ ಹಾಗೆ. ಅಲ್ಲಿ ಸುಭೇದಾರ್ ಮೇಜರ್ ಇದ್ದರೆ ಇಲ್ಲಿ ಮೊದಲನೆಯ ದರ್ಜೆಯ ಮಾಸ್ಟರ್ ಚೀಫ್. ಮರಾಠಾ ಲಘು ಪದಾತಿ ದಳದ ಕೇಂದ್ರವೇ ಬೆಳಗಾವಿಯಲ್ಲಿರುವಾಗ ಸುಭೇದಾರನ ಗತ್ತನ್ನು ನಮ್ಮ ಜಿಲ್ಲೆಯವರಿಗೆ ಬೇರೆ ವರ್ಣಿಸಬೇಕಾಗಿಲ್ಲ.

ನನಗಂತೂ ಇದು ತಿಳಿದುದು ಕಬ್ಬಿನ ಹೊಲದ ಮೂಲಕ. ನನ್ನ ತಂದೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ದುಡಿಯುವವರು. ಯಾವ ಹೊಲ, ಯಾವ ದಿನ, ಎಷ್ಟು ಟನ್ ಎಂಬುದನ್ನು ಗೊತ್ತುಪಡಿಸುವವರು ಕಾರ್ಖಾನೆಯ ಸಾಹೇಬರು. ಆದರೆ ಬೆಳಗಿನ ಚಳಿಯಲ್ಲಿ ಯಾರ ಕೈಗೆ ಗಾಯವಾಗಿದೆ, ಯಾರ ಹೆಂಡತಿ ಬಸುರಿ, ಯಾರನ್ನು ಇಂದು ಟ್ರಾಕ್ಟರ್ ಹೇರಲು ಹಚ್ಚಬಾರದು ಎಂಬುದನ್ನು ಬಲ್ಲವನು ಮುಕಾದಮ. ಸಾಹೇಬರ ಚೀಟಿಯಿಲ್ಲದೆ ಕಬ್ಬು ಹೊಲ ಬಿಡುವುದಿಲ್ಲ. ಮುಕಾದಮನಿಲ್ಲದೆ ಒಂದು ಗಣಿಕೆಯೂ ನೆಲಕ್ಕೆ ಬೀಳುವುದಿಲ್ಲ. (ಮುಂಗಡದ ಹಣದಲ್ಲಿ ಅನ್ಯಾಯ ಮಾಡುವ ಮುಕಾದಮರೂ ಉಂಟು. ಅದು ಬೇರೆಯೇ ಲೇಖನದ ವಿಷಯ.)

ಗೆಳೆಯ ಹೇಳಿದ ಒಂದು ಪ್ರಸಂಗವನ್ನು ಕೇಳಿರಿ. ಮೊದಲ ಸಲ ಕಡಲು ಉಬ್ಬಿದಾಗ ಅವನಿಗೆ ತಲೆಸುತ್ತು, ವಾಂತಿ. ಹಡಗಿನ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಅವ್ವನನ್ನು ನೆನೆದು ಅತ್ತನಂತೆ. ಅಲ್ಲಿಯ ಚೀಫ್ ಬಂದು ಬಕೀಟು ಮುಂದಿಟ್ಟು, "ವಾಂತಿ ಮಾಡಿಕೊ, ನಾಚಿಕೆ ಬೇಡ. ಮುಗಿದ ಮೇಲೆ ಎದ್ದು ಹಿಟ್ಟು ನಾದು. ಹೊಯ್ದಾಟವಿರಲಿ, ಇಲ್ಲದಿರಲಿ, ಹೊತ್ತಿಗೆ ಸರಿಯಾಗಿ ಎಲ್ಲರಿಗೂ ಹಸಿವಾಗುತ್ತದೆ" ಎಂದರಂತೆ. ಹಾಗೆಂದು ತಾವೇ ಮೊದಲು ಹಿಟ್ಟಿಗೆ ಕೈಯಿಕ್ಕಿದರು. ಅವರ ಮುಖವೂ ಬಿಳಿಚಿದ್ದನ್ನು ಇವನು ಆಗ ಗಮನಿಸಿದನು. ಮುಂದೊಮ್ಮೆ ಇವನ ತಂದೆಗೆ ಶಸ್ತ್ರಚಿಕಿತ್ಸೆಯಾಗಬೇಕಾಗಿ ಬಂದಿತು. ರಜೆ ಕೇಳಲು ಅಂಜಿ ಸುಮ್ಮನಿದ್ದನು. ಊಟ ಬಿಟ್ಟುದನ್ನು ಚೀಫ್ ಕಂಡರು, ಕಾರಣ ತಿಳಿದರು, ವಿಭಾಗದ ಅಧಿಕಾರಿಗೆ ತಿಳಿಸಿದರು. ಆ ಅಧಿಕಾರಿ ಇವನಿಗಿಂತ ನಾಲ್ಕೈದು ವರ್ಷ ಮಾತ್ರ ದೊಡ್ಡವರು. ಅವರು ಅಂದೇ ರಜೆಯ ಕಾಗದಕ್ಕೆ ಸಹಿ ಹಾಕಿದರು. ಎರಡು ದಿನ ಬಿಟ್ಟು ಫೋನು ಮಾಡಿ ತಂದೆಯ ಯೋಗಕ್ಷೇಮವನ್ನೂ ವಿಚಾರಿಸಿದರು. ಸಹಿ ಅಧಿಕಾರಿಯದು, ಕಣ್ಣು ಚೀಫನದು. ಎರಡರಲ್ಲಿ ಒಂದು ತಪ್ಪಿದ್ದರೂ ಗೆಳೆಯ ಆಸ್ಪತ್ರೆಗೆ ಬಂದು ಮುಟ್ಟುತ್ತಿರಲಿಲ್ಲ.

ಇದರಿಂದ ಅಧಿಕಾರಿಯೆಂದರೆ ಸಹಿಯ ಯಂತ್ರವೆಂದು ಯಾರೂ ತಿಳಿಯಬಾರದು. 1971ರ ಡಿಸೆಂಬರ್ 9ರ ರಾತ್ರಿ ದೀವ್ ಬಳಿ ಪಾಕಿಸ್ತಾನದ ಜಲಾಂತರ್ಗಾಮಿ 'ಹಂಗೋರ್' ನಮ್ಮ 'ಖುಕ್ರಿ'ಯನ್ನು ಮುಳುಗಿಸಿದಾಗ 18 ಅಧಿಕಾರಿಗಳೂ 176 ನಾವಿಕರೂ ಮಡಿದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಟ್ಟು ಬರಲಿಲ್ಲ. ನಮ್ಮ ರಾಜ್ಯದ ದಂಡೆಯಲ್ಲಿಯೇ ನಡೆದ ಘಟನೆ ಇನ್ನೊಂದು. 2019ರ ಏಪ್ರಿಲ್ 26ರಂದು ವಿಮಾನವಾಹಕ 'ವಿಕ್ರಮಾದಿತ್ಯ' ಕಾರವಾರ ಬಂದರನ್ನು ಪ್ರವೇಶಿಸುತ್ತಿದ್ದಾಗ ಒಳಗೆ ಬೆಂಕಿ ಹೊತ್ತಿತು. ಅದನ್ನಾರಿಸುವ ತಂಡದ ಮುಂದೆ ನಿಂತ ಲೆಫ್ಟಿನೆಂಟ್ ಕಮಾಂಡರ್ ಡಿ. ಎಸ್. ಚೌಹಾಣರು ಹೊಗೆಯಿಂದ ಎಚ್ಚರ ತಪ್ಪಿ ಬಿದ್ದು ತೀರಿಕೊಂಡರು. ಅಪಾಯದ ಬಾಗಿಲಲ್ಲಿ ಮೊದಲು ಕಾಲಿಡುವುದು ಅಧಿಕಾರಿಯ ಪಾಲು. ಹಡಗಿಗೆ ಏನೇ ಆದರೂ ಉತ್ತರ ಕೊಡಬೇಕಾದವನೂ ಅವನೇ.

ಆದರೆ ಅಧಿಕಾರಿ ಇಲ್ಲದ ಕಡೆ, ಅಥವಾ ಅಧಿಕಾರಿ ತನ್ನ ಧರ್ಮವನ್ನು ಮರೆತ ಕಡೆ ಏನಾಗುತ್ತದೆ? 1946ರ ಫೆಬ್ರವರಿಯಲ್ಲಿ ಮುಂಬಯಿಯ 'ತಲವಾರ'ದಲ್ಲಿ ಕೆಟ್ಟ ಊಟಕ್ಕೂ ಬ್ರಿಟಿಷ್ ಕಮಾಂಡರನ ಬೈಗುಳಕ್ಕೂ ಬೇಸತ್ತ ನಾವಿಕರು ಮುಷ್ಕರ ಹೂಡಿದರು. ಅವರು ಆರಿಸಿದ ಸಮಿತಿಯ ಅಧ್ಯಕ್ಷ ಎಂ. ಎಸ್. ಖಾನ್ ಒಬ್ಬ ಲೀಡಿಂಗ್ ಸಿಗ್ನಲ್‌ಮನ್. ಉಪಾಧ್ಯಕ್ಷ ಮದನ್ ಸಿಂಗ್ ಒಬ್ಬ ಪೆಟಿ ಆಫೀಸರ್. ಅಂಥ ನಾಯಕರನ್ನು ನಾವಿಕರು ತಮ್ಮ ನಡುವಿನಿಂದಲೇ ಎತ್ತಿಕೊಂಡರು. 1971ರ ಯುದ್ಧದಲ್ಲಿ ಮಹಾವೀರ ಚಕ್ರ ಪಡೆದ ಚಿಮನ್ ಸಿಂಗ್ ಕೂಡ ಲೀಡಿಂಗ್ ಸೀಮನ್. ಖುಲ್ನಾದ ಹತ್ತಿರ ದೋಣಿ ಮುಳುಗಿದ ಮೇಲೆ, ಮೈಯೆಲ್ಲ ಗಾಯವಾಗಿದ್ದರೂ ದಡದ ವೈರಿಗಳ ಮೇಲೆಯೇ ನುಗ್ಗಿ, ಇಬ್ಬರು ಸಂಗಡಿಗರಿಗೆ ತಪ್ಪಿಸಿಕೊಳ್ಳಲು ಅವಕಾಶ ಮಾಡಿಕೊಟ್ಟು ತಾನು ಸೆರೆಸಿಕ್ಕ. ಇಂಥವನನ್ನು ನಮ್ಮ ಕಟ್ಟೆಯ ಹಿರಿಯರು "ಸಾಹೇಬ ಆದಿ ಏನು" ಎಂದು ಕೇಳಿದ್ದರೆ ಅವನೂ "ಇಲ್ರಿ" ಎನ್ನಬೇಕಾಗಿತ್ತು.

ಇನ್ನು ನಮ್ಮ ಪದವಿಯ ಮಾತು. ಕಾಲೇಜಿನ ಪ್ರವಾಸದಲ್ಲಿ ಕಾರವಾರದ ದಂಡೆಯ ಮೇಲೆ ನಿಲ್ಲಿಸಿರುವ ಹಳೆಯ ಯುದ್ಧನೌಕೆ 'ಚಪಲ್' ನೋಡಿ ಬಂದವನೇ ಅಧಿಕಾರಿಯಾಗುವ ಹುರುಪಿನಲ್ಲಿ ನಿಯಮಗಳನ್ನು ತಿರುವಿ ಹಾಕಿದೆ. ಸಂಯುಕ್ತ ರಕ್ಷಣಾ ಪರೀಕ್ಷೆಯ ಮೂಲಕ ನೌಕಾ ಅಕಾಡೆಮಿಗೆ ಹೋಗಲು ಇಂಜಿನಿಯರಿಂಗ್ ಪದವಿ ಬೇಕು. ನನ್ನ ಬಿ.ಎ. ಅಲ್ಲಿ ನಡೆಯದು. ಹಡಗು ಇಂದು ಯಂತ್ರಗಳ ಮನೆಯಾಗಿರುವಾಗ ಆ ನಿಯಮಕ್ಕೆ ಅರ್ಥವಿದೆಯೆಂದು ಒಪ್ಪುತ್ತೇನೆ, ಮನಸ್ಸಿಲ್ಲದ ಮನಸ್ಸಿನಿಂದ. ಆದರೆ ಕನಿಕರಕ್ಕೆ ಪಾತ್ರನು ಯಾರು, ನಾನೋ ಅವನೋ ಎಂಬ ಪ್ರಶ್ನೆ ಅಂದೇ ಹುಟ್ಟಿತು. ಯೋಗ್ಯ ನಾವಿಕರು ಕೆಳಗಿನಿಂದಲೇ ಅಧಿಕಾರಿಗಳಾಗುವ ದಾರಿಯೊಂದು ನೌಕಾದಳದಲ್ಲಿದೆ. ಅದು ಇನ್ನಷ್ಟು ಅಗಲವಾಗಬೇಕೆಂಬುದು ನನ್ನ ಆಸೆ.

ಅದಕ್ಕಿಂತ ದೊಡ್ಡ ಚಿಂತೆ ಬೇರೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ನಾಲ್ಕು ವರ್ಷ ಮುಗಿದ ಮೇಲೆ ನಾಲ್ವರಲ್ಲಿ ಒಬ್ಬನನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಹೆಣ್ಣುಮಕ್ಕಳಿಗೆ ನಾವಿಕರಾಗುವ ಬಾಗಿಲು ಮೊದಲ ಸಲ ತೆರೆದುದೂ ಈ ಯೋಜನೆಯಿಂದಲೇ, ಅದನ್ನು ಮೆಚ್ಚಲೇಬೇಕು. ಹರೆಯದವರ ದಳವಿದ್ದರೆ ಚುರುಕು ಹೆಚ್ಚೆಂಬ ವಾದವನ್ನೂ ಬಲ್ಲೆ. ಆದರೆ ಚೀಫನಾಗುವವನು ನಾಲ್ಕು ವರ್ಷಕ್ಕೆ ಹಣ್ಣಾಗುವುದಿಲ್ಲ. ಬಕೀಟನ್ನು ಯಾವಾಗ ಮುಂದಿಡಬೇಕು, ಯಾವಾಗ ಗದರಿಸಬೇಕೆಂಬುದನ್ನು ಅವನು ಹತ್ತು ಹದಿನೈದು ಮಳೆಗಾಲ ಕಡಲ ಮೇಲೆ ಕಳೆದು ಕಲಿತಿರುತ್ತಾನೆ. ಉಳಿಸಿಕೊಳ್ಳುವ ಆ ಒಬ್ಬನನ್ನು ಓಟದ ವೇಗದಿಂದಲೂ ಅಂಕಗಳಿಂದಲೂ ಮಾತ್ರ ಆರಿಸಿದರೆ ಸಾಲದು. ಅವನ ಸಂಗಡ ಮಲಗಿ ಎದ್ದವರ ಮಾತಿಗೂ ಬೆಲೆಯಿರಬೇಕು. ಉಳಿಸಿಕೊಳ್ಳುವವರ ಪ್ರಮಾಣವನ್ನೂ ಹೆಚ್ಚಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಗೆಳೆಯನ ನಾಲ್ಕು ವರ್ಷ ಇನ್ನೇನು ತುಂಬಲಿದೆ. ಅವನ ತಂದೆ ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡಾಗಲೆಲ್ಲ ಕೇಳುತ್ತಾರೆ: "ನೀ ಡಿಗ್ರಿ ಓದಾಂವ. ನಮ್ಮ ಹುಡುಗನ್ನ ಇಟಗೊಂತಾರೋ, ಕಳಸ್ತಾರೋ, ನೀನರ ಹೇಳಪಾ."

"ಅದನ್ನ ಅವನ ಚೀಫ್ ಸಾಹೇಬ್ರನ್ನ ಕೇಳಬೇಕ್ರಿ ಕಾಕಾ" ಎಂದೆ ಮೊನ್ನೆ.