ಕಾರ್ಯಪ್ಪನವರ ಮಗ, ನಮ್ಮ ಮಗ

ಬೆಳಿಗ್ಗೆ ಮಡಿಕೇರಿ ಬಸ್ಸಿನಲ್ಲಿ ಹುಡುಗರು ‘ಕಾರ್ಯಪ್ಪ ಕಾಲೇಜು’ ಅನ್ನೋದನ್ನು ಕೇಳಿರುತ್ತೀರಿ. ಆ ಹೆಸರಿನ ಹಿರಿಯರನ್ನು ನೆನೆಯುವವರು ಎಷ್ಟು ಮಂದಿ, ಸ್ವಾಮಿ?

1949ರ ಜನವರಿ 15ರಂದು ನಮ್ಮ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಕೆ.ಎಂ. ಕಾರ್ಯಪ್ಪ. 1986ರಲ್ಲಿ ಫೀಲ್ಡ್ ಮಾರ್ಷಲ್ ಆದರು. 1993ರ ಮೇ 15ರಂದು ತೀರಿಕೊಂಡರು. ಪದವಿಯ ಮಾತು ಹಾಗಿರಲಿ, ತಂದೆಯಾಗಿ ಅವರು ನಡೆದುಕೊಂಡ ರೀತಿ ನೋಡಿ.

1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಮಗ ನಂದಾ ಪಾಕಿಸ್ತಾನದವರ ಸೆರೆ ಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಕಾರ್ಯಪ್ಪನವರಿಗೆ ಹಳೆಯ ಪರಿಚಯ. ನಿಮ್ಮ ಮಗನನ್ನು ಬಿಡುತ್ತೇವೆ ಅಂತ ಹೇಳಿಕಳಿಸಿದರಂತೆ. ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ಸಮ ನೋಡಿ ಅಂದರು. ಮಗ ಊರು ಕಂಡದ್ದು 1966ರಲ್ಲಿ.

ಕರುಳಿಲ್ಲದೆ ಅಂದ ಮಾತಲ್ಲ ಅದು. ಬೇರೆ ಮನೆಗಳ ಕರುಳೂ ಅವರಿಗೆ ಕಂಡಿತ್ತು, ಅಷ್ಟೆ.

ನಾವೋ? ಮಗನಿಗೆ ಸೀಟು, ಅಳಿಯನಿಗೆ ವರ್ಗಾವಣೆ ಅಂದರೆ ಮೊದಲು ಹುಡುಕೋದು ‘ಅಲ್ಲಿ ನಮ್ಮವರು ಯಾರಿದ್ದಾರೆ?’ ಅಂತ. ಅಂಗಡಿ ಲೈಸೆನ್ಸಿಗೂ ಶಿಫಾರಸು ಬೇಕು!

ಜನವರಿಯಲ್ಲಿ ಹಾರ ಹಾಕೋದು ಸುಲಭ. ಸರದಿಯಲ್ಲಿ ನಿಲ್ಲೋದು ಕಷ್ಟ. ಆ ಹಿರಿಯರಿಗೆ ಸಲ್ಲುವ ನಮಸ್ಕಾರ ಎರಡನೆಯದೇ.