ಪ್ರಾಕ್ಟಿಕಲ್ ಹತ್ರ ಬಂತು, ಟ್ರೇ ಒಂದನ್ನೇ ನೋಡ್ತಾ ಕೂರ್ಬೇಡಿ (ಭಾಗ 3)

ಮೆಸೇಜ್‌ಗಳಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಪ್ರಾಕ್ಟಿಕಲ್‌ಗೆ ಯಾವ ಪ್ರೊಸೀಜರ್ ಬರಬಹುದು?" ಯಾರಿಗ್ರೀ ಗೊತ್ತು! ಗೆಸ್ ಮಾಡ್ಕೊಂಡು ಓದೋ ಪರೀಕ್ಷೆ ಇದಲ್ಲ ಅನ್ನೋದು ನನ್ನ ಅಭಿಪ್ರಾಯ.

ಅಮೆರಿಕದಲ್ಲಿ ಪ್ರಾಕ್ಟಿಕಲ್ ನರ್ಸ್ ಆಗಬೇಕಾದ್ರೆ ಕೋರ್ಸ್ ಮುಗಿದ ಮೇಲೆ ಎನ್‌ಕ್ಲೆಕ್ಸ್-ಪಿಎನ್ ಅಂತ ಬೇರೆ ಲೈಸೆನ್ಸ್ ಪರೀಕ್ಷೆ ಇದೆ. ನಮ್ಮಲ್ಲಿ ಸದ್ಯಕ್ಕೆ ಹಾಗಿಲ್ಲ. ಜಿಎನ್‌ಎಂ ಆದ್ರೆ ಡಿಪ್ಲೊಮಾ ಬೋರ್ಡ್ ಪರೀಕ್ಷೆ, ಬಿಎಸ್ಸಿ ಆದ್ರೆ ರಾಜೀವ್ ಗಾಂಧಿ ಆರೋಗ್ಯ ವಿವಿ ಪರೀಕ್ಷೆ. ಪಾಸಾಗಿ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಲ್ಲಿ ನೋಂದಣಿ ಮಾಡಿಸಿದ್ರೆ ಮುಗೀತು, ನೀವು ನರ್ಸ್. ಅಂದ್ರೆ ಕೊನೆ ವರ್ಷದ ಪ್ರಾಕ್ಟಿಕಲ್ಲೇ ನಮ್ಮ ಲೈಸೆನ್ಸ್ ಪರೀಕ್ಷೆ. ಅದಾದ್ಮೇಲೆ ತಡೆಯೋಕೆ ಇನ್ನೊಂದು ಗೇಟ್ ಇಲ್ಲ, ನೇರ ರೋಗಿಯ ಹಾಸಿಗೆ ಪಕ್ಕ.

ನಾವು ತಯಾರಿ ಮಾಡೋದು ಹೇಗೆ? ಟ್ರೇ ಜೋಡಿಸೋದು ಬಾಯಿಪಾಠ. ಕಿಡ್ನಿ ಟ್ರೇ ಎಡಕ್ಕೆ, ಗಾಜ್ ಬಲಕ್ಕೆ, ಮ್ಯಾಕಿಂಟಾಷ್ ಕೆಳಗೆ. ಟ್ರೇ ಬೇಕು, ಇಲ್ಲ ಅನ್ನಲ್ಲ. ಆದ್ರೆ ಟ್ರೇ ಆಚೆ ಮಲಗಿರೋರು ಹುಣಸೂರಿಂದಲೋ ಎಚ್.ಡಿ. ಕೋಟೆಯಿಂದಲೋ ಬಂದ ಒಬ್ಬ ಅಜ್ಜಿ. ನೀವು "ಜಯಮ್ಮ ಅಲ್ವಾ?" ಅಂತ ಕೇಳಿದ್ರೆ ಭಯಕ್ಕೆ "ಹ್ಞೂಂ" ಅಂತಾರೆ. ಯಾವ ಹೆಸರು ಹೇಳಿದ್ರೂ ಹ್ಞೂಂ ಅನ್ನಬಹುದು! ಅದಕ್ಕೇ "ನಿಮ್ಮ ಹೆಸರು ಹೇಳಿ ಅಮ್ಮಾ" ಅಂತ ಕೇಳಿ, ಐಪಿ ನಂಬರ್ ಜೊತೆ ತಾಳೆ ನೋಡಿ. ಬೆಡ್ ನಂಬರ್ ನಂಬಬೇಡಿ, ಬೆಡ್ ಬದಲಾಗ್ತಾ ಇರತ್ತೆ. ಒಂದೇ ವಾರ್ಡಲ್ಲಿ ಇಬ್ಬರು ಜಯಮ್ಮ ಇದ್ರೆ ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಹೋಗೋಕೆ ಅಷ್ಟೇ ಸಾಕು.

ಡ್ರಿಪ್ ಲೆಕ್ಕಾನೂ ಹಾಗೇ. 500 ಎಂಎಲ್, 4 ಗಂಟೆಯಲ್ಲಿ ಹೋಗಬೇಕು ಅಂತ ಇಟ್ಕೊಳ್ಳಿ. 500ನ್ನ ಡ್ರಾಪ್ ಫ್ಯಾಕ್ಟರ್‌ನಿಂದ ಗುಣಿಸಿ 240 ನಿಮಿಷದಿಂದ ಭಾಗಿಸಬೇಕು. 20 ಹನಿ ಸೆಟ್ ಆದ್ರೆ ನಿಮಿಷಕ್ಕೆ ಸುಮಾರು 42, 15 ಹನಿ ಸೆಟ್ ಆದ್ರೆ 31. ನೋಟ್ಸಲ್ಲಿ ಓದಿದ 42ನ್ನೇ ತಲೆಯಲ್ಲಿಟ್ಕೊಂಡು 15ರ ಸೆಟ್‌ಗೆ ಓಡಿಸಿದ್ರೆ ಬಾಟಲಿ 3 ಗಂಟೆಗೇ ಖಾಲಿ. ಹೃದಯ, ಕಿಡ್ನಿ ತೊಂದರೆ ಇರೋರಿಗೆ ಇದು ಉಸಿರಿಗೇ ಬರೋ ವಿಷಯ. ಲೆಕ್ಕಕ್ಕಿಂತ ಮೊದಲು ಸೆಟ್ಟಿನ ಪ್ಯಾಕೆಟ್ ಓದಿ.

ಉಸಿರಾಟ ಎಣಿಸುವಾಗ "ಉಸಿರು ಎಣಿಸ್ತೀನಿ" ಅಂತ ಹೇಳಿಬಿಟ್ರೆ ಅವರ ಉಸಿರೇ ಬದಲಾಗತ್ತೆ. ಪಲ್ಸ್ ನೋಡಿದ ಕೈ ಬಿಡದೆ, ಎದೆ ನೋಡ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ಬಿಪಿಗೆ ಮೊದಲು 5 ನಿಮಿಷ ಸುಮ್ಮನೆ ಕೂರಿಸಿ. ಇದೆಲ್ಲ ಬುಕ್ಕಲ್ಲೇ ಇದೆ, ಆದ್ರೆ ಹತ್ತು ಜನರ ಮೇಲೆ ಮಾಡಿದ್ರೇನೇ ಕೈಗೆ ಬರೋದು.

"ವಾರ್ಡಲ್ಲಿ ಯಾರೂ ಹೇಳಿಕೊಡಲ್ಲ, ಬರೀ ಬೆಡ್ ಮೇಕಿಂಗ್ ಮಾಡಿಸ್ತಾರೆ" ಅಂತೀರಾ. ನಿಜ, ನಾನೂ ಅಲ್ಲೇ ಇರೋಳು. ಒಬ್ಬ ಸಿಸ್ಟರ್‌ಗೆ ಅಷ್ಟೊಂದು ರೋಗಿಗಳಿದ್ರೆ ನಮಗೆ ಪಾಠ ಮಾಡೋಕೆ ಅವರಿಗೆ ಪುರುಸೊತ್ತೆಲ್ಲಿ? ಇದನ್ನ ಕಾಲೇಜುಗಳು ಸರಿಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಸೀನಿಯರ್ ರೆಕಾರ್ಡ್ ತಂದು ರಾತ್ರಿಯೆಲ್ಲ ಕಾಪಿ ಹೊಡೆಯೋದಕ್ಕೆ ಇದು ನೆಪ ಆಗಬಾರದು. ನೋಡದೇ ಇರೋ ರೋಗಿಯ ಕೇಸ್ ಸ್ಟಡಿ ಬರೆದು ಸಿಗೋ ಮಾರ್ಕ್ಸ್, ಡ್ಯೂಟಿಯ ಮೊದಲ ನೈಟ್‌ಗೆ ಯಾವ ಉಪಯೋಗಕ್ಕೂ ಬರಲ್ಲ.

ಇನ್ನೊಂದು. ವೈವಾ ಇಂಗ್ಲಿಷಲ್ಲಿ ಅಂತ ರೋಗಿಗೆ ಹೇಳೋದನ್ನೂ ಇಂಗ್ಲಿಷಲ್ಲೇ ಉರು ಹೊಡೀತೀವಿ. ಕೆ.ಆರ್. ಆಸ್ಪತ್ರೆಲೋ ಚೆಲುವಾಂಬದಲ್ಲೋ "ಫ್ಲೂಯಿಡ್ ಇನ್‌ಟೇಕ್ ಎಷ್ಟು" ಅಂದ್ರೆ ಯಾರಿಗೆ ಅರ್ಥ ಆಗತ್ತೆ? "ಬೆಳಿಗ್ಗೆಯಿಂದ ಎಷ್ಟು ಲೋಟ ನೀರು ಕುಡಿದ್ರಿ?" ಅಂತ ಕೇಳಿ. ನಮ್ಮ ಕೇರಳದ ಫ್ರೆಂಡ್ಸ್ ಆರೇ ತಿಂಗಳಲ್ಲಿ "ಎಲ್ಲಿ ನೋವು, ಚುಚ್ಚುತ್ತಾ, ಉರಿಯುತ್ತಾ?" ಕಲಿತುಬಿಡ್ತಾರೆ. ಮೈಸೂರಲ್ಲೇ ಹುಟ್ಟಿದ ನಾವು ಎಕ್ಸಾಮಿನರ್ ಮುಂದೆ ತಡವರಿಸ್ತೀವಿ!

ಇವತ್ತು ರಾತ್ರಿ ರೂಮ್‌ಮೇಟ್‌ನ ಮಂಚದ ಮೇಲೆ ಮಲಗಿಸಿ ಒಂದು ಪ್ರೊಸೀಜರ್ ಪೂರ್ತಿ ಕನ್ನಡದಲ್ಲಿ ವಿವರಿಸಿ ಮಾಡಿ. ಎಲ್ಲಿ ಮಾತು ನಿಲ್ತು ಅಂತ ಕೆಳಗೆ ಬರೀರಿ. ಭಾಗ 4ರಲ್ಲಿ ವೈವಾ.