ಮೆನು ಮರೆಯಾಗಲಿ, ಕೀಲಿ ಮನೆಯಲ್ಲಿರಲಿ

ಬಿಬವೇವಾಡಿಯ ನಮ್ಮ ಫ್ಲ್ಯಾಟಿನಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕನ್ನಡ ಶಾಲೆ. ಮಾಸ್ತರು ವಿಜಯಪುರದಲ್ಲಿರುವ ನನ್ನಪ್ಪ, ವಿದ್ಯಾರ್ಥಿನಿ ಏಳು ವರ್ಷದ ನನ್ನ ಮಗಳು. ಮರಾಠಿಯಲ್ಲಿ ಇಲ್ಲದ ಎ-ಏ, ಒ-ಓ ವ್ಯತ್ಯಾಸವನ್ನು ಅವಳ ನಾಲಿಗೆಗೆ ಕೂರಿಸುವುದು ಅಜ್ಜನ ಕೆಲಸ. ಅಪ್ಪನದು ಕೀಪ್ಯಾಡ್ ಫೋನು. ಪಾಠಕ್ಕೆ ಆಧಾರವಾಗಿರುವುದು ನಾನು ಡೆಬಿಯನ್ ಲಿನಕ್ಸ್ ಹಾಕಿಕೊಟ್ಟ ಹಳೆಯ ಲ್ಯಾಪ್‌ಟಾಪ್.

ಲಿನಕ್ಸ್ ಏಳುವ ಮುನ್ನ ಗ್ರಬ್ ಎಂಬ ಬೂಟ್ ಲೋಡರ್ ಒಂದು ಪಟ್ಟಿ ತೋರಿಸುತ್ತದೆ. ಡೆಬಿಯನ್‌ನಲ್ಲಿ ಅದು ಐದು ಸೆಕೆಂಡು ನಿಲ್ಲುತ್ತದೆ. ಸುಮ್ಮನಿದ್ದರೆ ಯಂತ್ರ ತಾನೇ ಮುಂದೆ ಹೋಗುತ್ತದೆ. ಆದರೆ ಮಾಸ್ತರಿಕೆ ಮಾಡಿದವರು ಪ್ರಶ್ನೆ ಕಂಡರೆ ಸುಮ್ಮನಿರುತ್ತಾರೆಯೇ? "ತಮ್ಮಾ, ಇದು ಏನೋ ಕೇಳಾಕತ್ತೈತಿ, ಏನ್ ಹೇಳ್ಲಿ?" ಎಂದು ಫೋನ್ ಬರುತ್ತಿತ್ತು. ಒಮ್ಮೆ ಬಾಣದ ಗುಂಡಿ ಒತ್ತಿ ಫರ್ಮ್‌ವೇರ್ ಸೆಟ್ಟಿಂಗ್ಸ್‌ಗೇ ಹೋಗಿಬಿಟ್ಟರು.

ಮುಂದಿನ ಸಲ ಊರಿಗೆ ಹೋದಾಗ ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಮೆನುವನ್ನು 'ಹಿಡನ್' ಮಾಡಿ, ಕಾಯುವ ಸಮಯವನ್ನು ಸೊನ್ನೆಗೆ ಇಳಿಸಿ, ಅಪ್‌ಡೇಟ್-ಗ್ರಬ್ ಓಡಿಸಿ ಬಂದೆ. ಪಟ್ಟಿ ಮಾಯ, ಫೋನೂ ನಿಂತಿತು. ಎಂಟೆಕ್ ಓದಿದ್ದು ಸಾರ್ಥಕ ಎಂದುಕೊಂಡೆ.

ಕೆಲವು ತಿಂಗಳ ಬಳಿಕ ಒಂದು ಅಪ್‌ಡೇಟಿನಲ್ಲಿ ಹೊಸ ಕರ್ನಲ್ ಬಂತು. ಆ ಭಾನುವಾರ ಅಜ್ಜನ ಮುಖ ಕಂಡಿತು, ದನಿ ಕೇಳಲಿಲ್ಲ. ತುಟಿ ನೋಡಿ ಎ ಯಾವುದು, ಏ ಯಾವುದು ಎಂದು ಮಗು ಹೇಗೆ ತಿಳಿಯಬೇಕು? ಹಳೆಯ ಕರ್ನಲ್ ಲ್ಯಾಪ್‌ಟಾಪಿನಲ್ಲೇ ಇತ್ತು. ಗ್ರಬ್ ಪಟ್ಟಿಯ ಎರಡನೇ ಸಾಲಿಗೆ ಹೋಗಿ ಅದನ್ನು ಆರಿಸಿದ್ದರೆ ಸಾಕಿತ್ತು. ಆದರೆ ಸಮಯ ಸೊನ್ನೆಯಾಗಿದ್ದರಿಂದ ಯಾವ ಗುಂಡಿ ಒತ್ತಲೂ ಬಿಡುವಿರಲಿಲ್ಲ. ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿ ಟರ್ಮಿನಲ್‌ನಲ್ಲಿ ಟೈಪ್ ಮಾಡಿಸಲು ನೋಡಿದೆ. ಮೂರನೇ ಸಾಲಿಗೆ ಇಬ್ಬರೂ ಸೋತೆವು. ಮೂರು ಭಾನುವಾರ ಪಾಠ ತಪ್ಪಿತು. ಕೊನೆಗೆ ಸ್ವಾರಗೇಟಿನಲ್ಲಿ ರಾತ್ರಿ ಬಸ್ಸು ಹತ್ತಿ ಸೊಲ್ಲಾಪುರದ ಮೇಲೆ ಊರಿಗೆ ಹೋದೆ. ಕೆಲಸ ಐದು ನಿಮಿಷದ್ದು. ಅಪ್ಪ ಅಂದರು: "ಗುಂಡಿ ಯಾವುದಂತ ಹೇಳಿದ್ರ ನಾನ ಒತ್ತತಿದ್ನಲ್ಲೋ." ಒತ್ತಲು ಗುಂಡಿಯನ್ನೇ ನಾನು ಉಳಿಸಿರಲಿಲ್ಲ.

ಮೆನು ಅಡಗಿಸುವುದು ತಪ್ಪಲ್ಲ. 2018ರಲ್ಲಿ ಬಂದ ಫೆಡೋರಾ 29, ಒಂದೇ ಆಪರೇಟಿಂಗ್ ಸಿಸ್ಟಂ ಇರುವ ಯಂತ್ರಗಳಲ್ಲಿ ಅದನ್ನು ತಾನಾಗಿಯೇ ಅಡಗಿಸತೊಡಗಿತು. ಹಿಂದಿನ ಸಲ ಬೂಟ್ ವಿಫಲವಾಗಿದ್ದರೆ ಮತ್ತೆ ತೋರಿಸುತ್ತದೆ. ಒಳ್ಳೆಯ ಯೋಚನೆಯೇ. ಆದರೆ ಯಂತ್ರದ ಲೆಕ್ಕದಲ್ಲಿ ನಮ್ಮಪ್ಪನ ಲ್ಯಾಪ್‌ಟಾಪ್ ಸರಿಯಾಗಿಯೇ ಎದ್ದಿತ್ತು. ಮೊಮ್ಮಗಳಿಗೆ ದನಿ ಕೇಳಲಿಲ್ಲ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು? ಅದನ್ನು ಬಲ್ಲವರು ಮುಂದೆ ಕುಳಿತ ಮನುಷ್ಯರೇ. ಹಾಗಾಗಿ ದಾರಿ ಅವರ ಕೈಯಲ್ಲೇ ಇರಬೇಕು.

ಲಿನಕ್ಸ್ ಎಂಜಿನಿಯರುಗಳಿಗಷ್ಟೇ ಅರ್ಥವಾಗುವಂಥದ್ದು ಎಂಬ ಮಾತನ್ನೂ ಒಪ್ಪಲಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರದ 'ಕೈಟ್' ಸಂಸ್ಥೆಯ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಮಕ್ಕಳಿಗೆ ಆಗುವುದು ಮಾಸ್ತರಿಗೆ ಆಗದೇ?

ಈಗ ಅಪ್ಪನ ಲ್ಯಾಪ್‌ಟಾಪಿನಲ್ಲಿ ಮೆನು ಅಡಗಿಯೇ ಇದೆ, ಆದರೆ ಸಮಯ ಐದು ಸೆಕೆಂಡು. ಆ ಹೊತ್ತಿನಲ್ಲಿ ಎಸ್ಕೇಪ್ ಗುಂಡಿಯನ್ನು ಒಮ್ಮೆ ಒತ್ತಿದರೆ ಪಟ್ಟಿ ಬರುತ್ತದೆ. ಒಮ್ಮೆ ಮಾತ್ರ. ಮತ್ತೆ ಒತ್ತಿದರೆ ಗ್ರಬ್‌ನ ಆಜ್ಞಾಸಾಲು ತೆರೆದುಕೊಳ್ಳುತ್ತದೆ. ಇದನ್ನೆಲ್ಲ ಕನ್ನಡದಲ್ಲಿ ಬರೆದು ಕೀಬೋರ್ಡಿನ ಪಕ್ಕ ಅಂಟಿಸಿದ್ದೇನೆ. ನನ್ನೆದುರೇ ಅಪ್ಪನಿಂದ ಎರಡು ಸಲ ಮಾಡಿಸಿದೆ.

ಊರು ಬಿಟ್ಟ ನಾವೆಲ್ಲ ಇಂಥದ್ದೇ ಮಾಡುತ್ತೇವೆ. ಅಪ್ಪ-ಅಮ್ಮನಿಗೆ ತೊಂದರೆಯಾಗದಿರಲೆಂದು ಟಿವಿ, ವೈಫೈ, ಬ್ಯಾಂಕ್ ಆ್ಯಪ್ ಎಲ್ಲ ನಾವೇ ಹೊಂದಿಸಿ, ಪಾಸ್‌ವರ್ಡನ್ನು ನಮ್ಮ ಜೇಬಿನಲ್ಲಿಟ್ಟುಕೊಂಡು ಪುಣೆಗೋ ದುಬೈಗೋ ಮರಳುತ್ತೇವೆ. ಅವರ ಭಯ ಕಳೆದೆವೆಂದುಕೊಳ್ಳುತ್ತೇವೆ, ಅಧಿಕಾರ ಕಳೆದದ್ದು ಕಾಣುವುದಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಏನಾದರೂ ಸರಿಮಾಡಿ ಕೊಡುವಿರಾದರೆ, ಹೊರಡುವ ಮುನ್ನ ಅರ್ಧ ಗಂಟೆ ಕುಳಿತು ಅದನ್ನು ಬಿಚ್ಚುವುದು ಹೇಗೆಂದೂ ಕಲಿಸಿ ಬನ್ನಿ.